ಲಾರಿಗಳು ಮತ್ತೆ ಬಂದಿವೆ

ಮಾರ್ಚ್ 3

ನಗರಸಭೆಯಲ್ಲಿ ಇವತ್ತು ಊಟದ ಹೊತ್ತಿನೊಳಗೆ ಹಿಟ್ಲರ್ ಮೂರು ಸಲ ಬಂದು ಹೋದ. ಮೊದಲು ವಿರೋಧ ಪಕ್ಷದ ನಮ್ಮ ನಾಯಕಿ, ಊರೆಲ್ಲ ‘ಅಕ್ಕ’ ಎನ್ನುವವರು, ಮೇಯರ್‌ನನ್ನು ಹಿಟ್ಲರ್ ಎಂದರು. ಮೇಯರ್ ಕಡೆಯವನೊಬ್ಬ ಎದ್ದು ಅಕ್ಕನೇ ಹಿಟ್ಲರ್ ಎಂದ. ಇಬ್ಬರನ್ನೂ ಕೂರಿಸಲು ಸಭೆಯ ಹಿರಿಯರು ಮೇಜು ಕುಟ್ಟಿದಾಗ ಹಿಂದಿನ ಸಾಲಿನಿಂದ ಯಾರೋ ಅವರಿಗೂ ಅದೇ ಬಿರುದು ದಯಪಾಲಿಸಿದರು. ಚರ್ಚೆಗಿದ್ದ ವಿಷಯ ಮಾರುಕಟ್ಟೆಯಲ್ಲಿ ಸೈಕಲ್ ನಿಲ್ಲಿಸುವ ಶುಲ್ಕ.

ಭಾಷಣ ಬರೆದು ಹೊಟ್ಟೆ ಹೊರೆಯುವವನಿಗೆ ಇದು ನಾಚಿಕೆಗೇಡು. ಹೋಲಿಕೆ ಎಂದರೆ ಹೊಸದಾಗಿ ಸಾಣೆ ಹಿಡಿದ ಚಾಕುವಿನಂತಿರಬೇಕು. ಇತಿಹಾಸದ ಮೇಷ್ಟ್ರಾಗಿದ್ದ ನಾನು, ಶಾಲೆ ಮುಚ್ಚಿದ ಮೇಲೆ ಅಕ್ಕನ ಕಚೇರಿ ಸೇರಿದ್ದೇ ಆ ಸಾಣೆಯ ಕೆಲಸಕ್ಕೆ. ಅಕ್ಕ ನರ್ಸ್ ಕೆಲಸ ಬಿಟ್ಟು ಚುನಾವಣೆಗೆ ನಿಂತು ಗೆದ್ದವರು. ಧೈರ್ಯ ಅವರದು, ದನಿ ಅವರದು, ಮಾತು ನನ್ನದು.

ನಿಜವಾದ ಸುದ್ದಿ ಸಭೆಯ ಕೊನೆಗೆ ಬಂತು. ಹಳೇ ಗಿರಣಿಯ ವಸತಿಗೃಹ ಖಾಲಿ ಮಾಡಬೇಕಂತೆ. ಗಿರಣಿ ನಿಂತುಹೋಗಿ ಕಾಲವಾಯಿತು, ಕೆಲಸಗಾರರ ಸಂಸಾರಗಳು ಮಾತ್ರ ಆ ನಾಲ್ಕು ಮಹಡಿಗಳಲ್ಲಿ ಹಾಗೇ ಇವೆ. ಕಟ್ಟಡ ಶಿಥಿಲವಾಗಿದೆ, ರಿಪೇರಿ ಮುಗಿಯುವವರೆಗೆ ಎಲ್ಲರೂ ಊರಾಚೆಯ ಖಾಲಿ ಶಾಲೆಯಲ್ಲಿರಲಿ, ಸಾಮಾನು ಸಾಗಿಸಲು ಲಾರಿ ಕೊಡುತ್ತೇವೆ ಎಂದು ಮೇಯರ್ ಆದೇಶ. ನಗರಸಭೆಯ ಇಂಜಿನಿಯರ್ ಎದ್ದು ವಿವರಿಸಿದ. ಸಣಕಲು ಆಸಾಮಿ. ಕಂಬ, ತೊಲೆ, ತುಕ್ಕು, ಬಿರುಕು. ಅವನ ಬಾಯಲ್ಲಿ ಬೇರೆ ಮಾತೇ ಇಲ್ಲದ್ದರಿಂದ ನಮ್ಮವರು ಅವನಿಗೆ ‘ಬಿರುಕು’ ಎಂದೇ ಹೆಸರಿಟ್ಟಿದ್ದಾರೆ. ಇಬ್ಬರು ಸದಸ್ಯರು ತೂಕಡಿಸಿದರು. ಹೇಳುವುದರಲ್ಲಿ ಹುರುಳಿದ್ದರೂ ಇರಬಹುದು, ಹೇಳಲು ಬರಬೇಕಲ್ಲ!

“ಮೇಷ್ಟ್ರೇ, ಭಾನುವಾರ ವಸತಿಗೃಹದ ಮುಂದೆ ಸಭೆ. ಜನ ಕುರ್ಚಿ ಬಿಟ್ಟು ಏಳ್ಬೇಕು, ಹಾಗೆ ಬರೀರಿ,” ಎಂದರು ಅಕ್ಕ.

ಮನೆಗೆ ಬಂದರೆ ನೀರಿನ ಪಂಪು ಕೆಟ್ಟಿತ್ತು. ಪಂಪಿನ ಮುಂದೆ ನಾನೂ ಸೋತ ನೆಪೋಲಿಯನ್ನೂ ಒಂದೇ. ಶರಣಾದೆ.

ಮಾರ್ಚ್ 5

ತುಘಲಕ್ ದರ್ಬಾರು? ಹಳಸಲು. ನೀರೋನ ಪಿಟೀಲು? ಹೋದ ತಿಂಗಳು ಬೀದಿ ದೀಪದ ಭಾಷಣದಲ್ಲೇ ಬಾರಿಸಿಯಾಗಿದೆ. ಬರ್ಲಿನ್ ಗೋಡೆಯನ್ನು ಮೇಯರ್ ಕಡೆಯವರು ಆಟದ ಮೈದಾನದ ಬೇಲಿಗೆ ಬಳಸಿ ಹಾಳು ಮಾಡಿದ್ದಾರೆ.

ಸಂಜೆ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೆ ಗೋಳು ಹೇಳಿಕೊಳ್ಳುತ್ತ ‘ಲಾರಿ’ ಎಂಬ ಮಾತು ನನ್ನ ಬಾಯಿಂದ ಬಂತು. ಅವಳ ಕೈ ಒಂದು ಗಳಿಗೆ ನಿಂತಿತು. ಆಗ ಹೊಳೆಯಿತು. ನಮ್ಮೂರಿನದೇ ಇದೆಯಲ್ಲ! ಸೇನೆಯ ಆಳ್ವಿಕೆಯಲ್ಲಿ ಕೆಳಗಿನ ಪೇಟೆಯವರನ್ನೆಲ್ಲ ಲಾರಿಗೆ ತುಂಬಿಸಿ ಸೈನಿಕರ ಬ್ಯಾರಕ್ಕಿಗೆ ಒಯ್ದು ಕೂಡಿಹಾಕಿದ್ದು. ನಮ್ಮ ಜೊತೆಗೇ ಇರುವ ಅತ್ತೆ, ಹೆಂಡತಿಯ ತಾಯಿ, ಆಗ ಒಂಬತ್ತು ವರ್ಷದವರು, ಆ ಲಾರಿಯಲ್ಲಿದ್ದವರು. ಅವರು ಮಗಳಿಗೆ ಯಾವತ್ತೋ ಹೇಳಿದ್ದನ್ನು ಇವಳು ಮದುವೆಯಾದ ಹೊಸದರಲ್ಲಿ ನನಗೆ ಹೇಳಿದ್ದಳು. ಬೆಳ್ಳಂಬೆಳಿಗ್ಗೆ ಬಂದರಂತೆ. ನಾಲ್ಕೇ ದಿನ ಅಂದರಂತೆ. ಮನೆಗೊಂದೇ ಗಂಟು ಅಂದರಂತೆ.

ಒಂದೇ ಗಂಟು. ಇದಕ್ಕಿಂತ ಇನ್ನೇನು ಬೇಕು! ಎದ್ದು ಬರೆಯಲು ಕೂತೆ. ಬೆರಳು ನಿಲ್ಲಲಿಲ್ಲ.

ಮಾರ್ಚ್ 8

ಇಂಥ ಸಭೆಯನ್ನು ನಾನು ನೋಡಿಲ್ಲ. ರೋಮಿನ ಚೌಕದಲ್ಲಿ ಕೊಲೆಯಾದ ನಾಯಕನ ಹೆಣದ ಮುಂದೆ ನಿಂತು ಮಾತಾಡಿ ಊರನ್ನೇ ಕೆರಳಿಸಿದವನಿಗೂ ಇಂಥ ಜನ ಸಿಕ್ಕಿರಲಿಕ್ಕಿಲ್ಲ.

“ಲಾರಿಗಳು ಮತ್ತೆ ಬಂದಿವೆ,” ಎಂದು ಅಕ್ಕ ಶುರು ಮಾಡಿದರು. “ಅವತ್ತೂ ಬೆಳಿಗ್ಗೆಯೇ ಬಂದವು. ಅವತ್ತೂ ನಾಲ್ಕೇ ದಿನ ಅಂದರು. ಅವತ್ತೂ ಒಂದೇ ಗಂಟು ತನ್ನಿ ಅಂದರು. ಹೋದವರಲ್ಲಿ ಎಷ್ಟು ಜನ ತಿರುಗಿ ಬಂದರು, ಕೇಳಿ ನಿಮ್ಮ ಹಿರಿಯರನ್ನ!” ಗದ್ದಲವೆಲ್ಲ ಅಡಗಿತು. ಆಮೇಲೆ ಎದ್ದ ಕೂಗಿಗೆ ಎದುರಿನ ಕಿಟಕಿಗಳು ಅಲ್ಲಾಡಿದವು. ನಾನು ಹಿಂದೆ ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕ ನಿಂತು ಪ್ರತಿ ಸಾಲನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಎರಡನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ಗಂಡನಿಲ್ಲದೆ ಮಗಳನ್ನು ಸಾಕುತ್ತಿರುವವಳು, ಸಭೆ ಮುಗಿದ ಮೇಲೆ ಹುಡುಕಿಕೊಂಡು ಬಂದಳು. “ಬರೆದವರು ನೀವಂತೆ. ಅತ್ತುಬಿಟ್ಟೆ ಸಾರ್. ಶಾಲೆಗೆ ಹೋಗೋಣ ಅಂತ ಅರ್ಧ ಸಾಮಾನು ಕಟ್ಟಿದ್ದೆ. ಇವತ್ತೇ ಬಿಚ್ಚಿಬಿಡ್ತೀನಿ.” ಎಷ್ಟು ದಿನದ ಮೇಲೆ ಇಂಥ ಮಾತು ಕಿವಿಗೆ ಬಿತ್ತು! ತರಗತಿಯಲ್ಲಿ ಯಾವ ಹುಡುಗನೂ ನನ್ನ ಪಾಠ ಕೇಳಿ ಅತ್ತಿರಲಿಲ್ಲ.

ಪಕ್ಕದ ಮನೆಯವರು ಫೋನಿನಲ್ಲಿ ಭಾಷಣವನ್ನು ಅತ್ತೆಗೆ ತೋರಿಸಿದರಂತೆ. ಅತ್ತೆ ತಲೆನೋವು ಎಂದು ಊಟ ಮಾಡದೆ ಮಲಗಿದ್ದಾರೆ.

ಮಾರ್ಚ್ 10

ಗೆದ್ದೆವು. ಬೆಳಿಗ್ಗೆ ಮೂರು ಲಾರಿ ಬಂದವು. ಹೆಂಗಸರು, ಮುದುಕರು ರಸ್ತೆಗೆ ಅಡ್ಡ ಮಲಗಿದರು. “ಬ್ಯಾರಕ್ಕಿಗೆ ಬರಲ್ಲ! ಬ್ಯಾರಕ್ಕಿಗೆ ಬರಲ್ಲ!” ಎಂದು ಒಂದೇ ಕೂಗು. ಡ್ರೈವರುಗಳು ಮುಖ ಮುಖ ನೋಡಿಕೊಂಡು ಹಿಂದಕ್ಕೆ ತಿರುಗಿಸಿದರು. ಅಕ್ಕ ನನ್ನ ಭುಜ ತಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಮೇಯರ್ ಕಡೆಯ ಉತ್ತರ ಗೋಡೆಗಳ ಮೇಲಿತ್ತು. ಹಿಂದೆ ಮುತ್ತಿಗೆಯ ಕಾಲದಲ್ಲಿ ಊರಿನ ಕಾವಲುಗಾರನೊಬ್ಬ ಶತ್ರುವಿಗೆ ಕೋಟೆ ಬಾಗಿಲು ತೆರೆದನಲ್ಲ, ಅವನ ಚಿತ್ರ, ಕೆಳಗೆ ಅಕ್ಕನ ಮುಖ. ‘ಬಾಗಿಲು ತೆರೆದವರು ಇವತ್ತೂ ಇದ್ದಾರೆ.’ ಕಟ್ಟಡದ ರಿಪೇರಿಗೂ ಕೋಟೆ ಬಾಗಿಲಿಗೂ ಏನು ಸಂಬಂಧ? ಬಾಯಿಗೆ ಬಂದದ್ದನ್ನು ಇತಿಹಾಸ ಅಂದುಕೊಂಡಿದ್ದಾರೆ.

ಸಂಜೆ ಬಿರುಕು ಕಚೇರಿಗೇ ಬಂದಿದ್ದ, ಒಬ್ಬನೇ. “ಐದು ನಿಮಿಷ ಕೊಡಿ ಸಾರ್,” ಎಂದು ಫೋನಿನಲ್ಲಿ ಫೋಟೋ ತೋರಿಸತೊಡಗಿದ. ಹಿಂದಿನ ಮೆಟ್ಟಿಲ ಬುಡ, ಉದುರಿದ ಗಾರೆ, ಕಂದುಬಣ್ಣದ ಕಂಬಿ. “ಬ್ಯಾರಕ್ಕು ಕಟ್ಟುವಾಗಲೂ ಇಂಜಿನಿಯರುಗಳಿದ್ದರು ಕಣಪ್ಪಾ, ಅವರೂ ಆದೇಶ ಪಾಲಿಸಿದರು,” ಎಂದೆ. ಕಚೇರಿಯವರೆಲ್ಲ ನಕ್ಕರು. ಅವನು ಫೋನು ಜೇಬಿಗಿಟ್ಟುಕೊಂಡ. “ಒಂದ್ಸಲ ಬಂದು ನೋಡಿ ಸಾರ್. ನನ್ನ ಬೈಯೋದಾದ್ರೆ ಅಲ್ಲೇ ಬೈಯಿರಿ,” ಎಂದು ಹೋದ.

ಒಳ್ಳೆಯ ಏಟು ಕೊಟ್ಟೆ ಎನಿಸಿತ್ತು. ಈಗ ಬರೆಯುವಾಗ ಅಷ್ಟೇನೂ ಅನಿಸುತ್ತಿಲ್ಲ.

ಮಾರ್ಚ್ 11

ಹೆಂಡತಿ ಹೇಳಿದಳು: “ರೀ, ಅಮ್ಮನ್ನ ಒಂದು ಮಾತು ಕೇಳ್ಬೇಕಿತ್ತು.” ಇತಿಹಾಸ ಒಬ್ಬರ ಮನೆಯ ಆಸ್ತಿಯಲ್ಲ ಎಂದೆ. “ಇತಿಹಾಸ ಇರ್ಲಿ, ಅಮ್ಮ ನಮ್ಮ ಮನೆಯವಳಲ್ವಾ?” ಎಂದಳು. ಹೆಂಗಸರ ತರ್ಕ ಎಂದು ಬರೆದು ಹೊಡೆದುಹಾಕಿದ್ದೇನೆ. ಅವಳು ಇದನ್ನು ಓದುವುದಿಲ್ಲ, ಆದರೂ.

ಮಾರ್ಚ್ 14

ಅತ್ತೆ ಆರು ದಿನದ ಮೇಲೆ ಮಾತಾಡಿದರು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ನೀರು ಕುಡಿಯಲು ಹೋದೆ.

“ಭಾಷಣ ಕೇಳಿದೆ,” ಎಂದರು.

“ಹೇಗಿತ್ತು ಅತ್ತೆ?”

“ಜನ ಚಪ್ಪಾಳೆ ಹೊಡೆದ್ರಲ್ಲ, ಇನ್ನು ನನ್ನನ್ನೇನು ಕೇಳ್ತೀರಿ?” ಒಂದು ಕಾಯಿ ಮುರಿದು ಪಾತ್ರೆಗೆ ಹಾಕಿದರು. “ಗಂಟಿನ ವಿಷಯ ನಾನು ಮಗಳಿಗೊಬ್ಬಳಿಗೇ ಹೇಳಿದ್ದು.”

“ಅತ್ತೆ, ಅದು ಒಂದು ಮನೆಯ ಕಥೆಯಾಗಿ ಉಳಿಯಬಾರದು. ಅದು ಊರಿನ ಇತಿಹಾಸ.”

“ಆ ಲಾರೀಲಿ ನನ್ನ ತಮ್ಮನೂ ಇದ್ದ. ನಿಮ್ಮ ಊರಿನ ಇತಿಹಾಸದಲ್ಲಿ ಅವನು ಎಲ್ಲೂ ಕಾಣಲಿಲ್ಲ.”

ತಮ್ಮನೊಬ್ಬ ಇದ್ದನೆಂದು ನನಗೆ ಗೊತ್ತೇ ಇರಲಿಲ್ಲ, ಹೆಂಡತಿಗೂ ಗೊತ್ತಿರಲಿಲ್ಲವಂತೆ. ಎಷ್ಟು ವಯಸ್ಸು, ಏನಾದ ಎಂದು ಕೇಳಿದೆ. ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಒಂದು ಮಗು ಇದ್ದಿದ್ದರೆ ಭಾಷಣದ ಎರಡನೇ ಭಾಗ ಎಷ್ಟು ಬಿಗಿಯಾಗುತ್ತಿತ್ತು! ಅಕ್ಕನಿಗೆ ಹೇಳಿದಾಗ ಅವರ ಕಣ್ಣರಳಿತು. “ನಿಮ್ಮ ಅತ್ತೇನೇ ವೇದಿಕೆಗೆ ಬಂದ್ರೆ?” ಎಂದರು. ಹೆಂಡತಿಯ ಮೂಲಕ ಕೇಳಿಸಬೇಕು.

ಮಾರ್ಚ್ 15

ಕೇಳಿಸಿದೆ. ಹೆಂಡತಿ ಇವತ್ತು ನನ್ನೊಡನೆ ಮಾತಾಡುತ್ತಿಲ್ಲ. ಮನೆಯಲ್ಲಿ ಶೀತಲ ಸಮರ.

ಮಾರ್ಚ್ 20

ವಸತಿಗೃಹದ ಹಿಂದಿನ ಮೆಟ್ಟಿಲು ಬಿತ್ತು. ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ. ಆರು ಜನಕ್ಕೆ ಪೆಟ್ಟಾಗಿದೆ, ಯಾರ ಜೀವಕ್ಕೂ ಅಪಾಯವಿಲ್ಲ. ಬಟ್ಟೆ ಹೊಲಿಯುವವಳ ಬಲಗೈ ಚಪ್ಪಡಿಯ ಕೆಳಗೆ ಸಿಕ್ಕಿತ್ತು.

ಮಾರ್ಚ್ 21

ನಿನ್ನೆ ಅಲ್ಲಿಗೆ ಹೋಗಿದ್ದೆ. ಅಕ್ಕ ನನಗಿಂತ ಮೊದಲೇ ತಲುಪಿದ್ದರು. ಸೆರಗು ಸೊಂಟಕ್ಕೆ ಬಿಗಿದುಕೊಂಡು ಹಳೇ ನರ್ಸಾಗಿ ನಿಂತಿದ್ದರು. ಯಾರನ್ನು ಹೇಗೆ ಎತ್ತಬೇಕು, ಯಾರನ್ನು ಮುಟ್ಟಬಾರದು ಎಂದು ಒಂದೊಂದೇ ಮಾತಿನಲ್ಲಿ ಹೇಳುತ್ತಿದ್ದರು. ಅಲ್ಲಿ ಅವರಿಗೆ ನನ್ನ ಮಾತು ಬೇಕಿರಲಿಲ್ಲ.

ಮೆಟ್ಟಿಲು ಎರಡನೇ ಮಹಡಿಯಿಂದ ಕೆಳಗೆ ಇಲ್ಲ. ಮೇಲಿನದು ಹಾಗೇ ಇದೆ, ಹಿಡಿದು ಹತ್ತುವ ಕಬ್ಬಿಣದ ಕಂಬಿ ಗಾಳಿಯಲ್ಲಿ ತೂಗುತ್ತದೆ. ಗೋಡೆಗೆ ಒರಗಿಸಿದ್ದ ಒಂದು ಪೊರಕೆ ಬಿದ್ದಿಲ್ಲ. ಇಂಜಿನಿಯರ್ ಧೂಳಿನಲ್ಲಿ ಮಂಡಿಯೂರಿ ಪಕ್ಕದ ಕಂಬಕ್ಕೆ ಮರದ ಆಸರೆ ಕೊಡಿಸುತ್ತಿದ್ದ. ನನ್ನನ್ನು ನೋಡಿದ. ಬೈಯಲಿಲ್ಲ. “ಆ ಕಡೆ ನಿಂತ್ಕೊಳ್ಳಿ ಸಾರ್, ಇಲ್ಲಿ ಭಾರ ಬೇಡ,” ಎಂದ.

ಇವತ್ತು ಅಕ್ಕ ಕಚೇರಿಗೆ ಕರೆದರು. ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು ಕಣ್ಣು ಕೆಂಪಾಗಿತ್ತು. “ಬರೀರಿ ಮೇಷ್ಟ್ರೇ. ಇದು ಎರಡನೇ ಬ್ಯಾರಕ್ಕು. ಜನ ಸಾಯ್ಲಿ ಅಂತಾನೇ ಮೇಯರ್ ಇಷ್ಟು ವರ್ಷ ರಿಪೇರಿ ಮಾಡ್ಸಲಿಲ್ಲ. ಅವತ್ತು ಸೇನೆ, ಇವತ್ತು ಇವನು.”

“ಖಾಲಿ ಮಾಡಿ ಅಂದೋನೂ ಅವನೇ ಅಲ್ವಾ ಅಕ್ಕಾ?”

“ಈಗ ಅದನ್ನ ಯಾಕೆ ತೆಗೀತೀರಿ?”

ಕೂತೆ. ಕಾಗದಕ್ಕೆ ಬಂದದ್ದು ಮೆಟ್ಟಿಲು, ಕಬ್ಬಿಣ, ಪೊರಕೆ ಅಷ್ಟೇ. ಮುಂದಕ್ಕೆ ಹೋಗಲಿಲ್ಲ. ಸಂಜೆಗೆ ಕಚೇರಿಯ ಇನ್ನೊಬ್ಬರು ಬರೆದು ಮುಗಿಸಿದರು. ನನ್ನ ಸಾಲುಗಳೇ ಅದರಲ್ಲಿ ಇದ್ದವು, ಹೊಸ ವಿಷಯಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದ್ದವು.

ಮಾರ್ಚ್ 25

ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಿದ್ದೆ. ಹೆಂಡತಿ ಕಿತ್ತಳೆ ಹಣ್ಣು ಕೈಗೆ ಕೊಟ್ಟು ಬಾಗಿಲವರೆಗೆ ಬಂದು ಬಿಟ್ಟಳು.

ಹೊಲಿಯುವವಳ ಕೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿದೆ. ಎರಡು ಬೆರಳು ತೆಗೆದಿದ್ದಾರೆ. ಮಗಳು ಪಕ್ಕದಲ್ಲಿ ಕೂತು ಹಣ್ಣು ಸುಲಿದಳು. ಬೈದರೆ ಕೇಳಿಸಿಕೊಳ್ಳಲು ಸಿದ್ಧನಾಗಿ ಹೋಗಿದ್ದೆ. ಅವಳು ಬೈಯಲಿಲ್ಲ.

“ಏನ್ ಭಾಷಣ ಸಾರ್ ಅದು! ಈ ವಾರ್ಡಿನವರಿಗೆಲ್ಲ ಹೇಳ್ದೆ, ಬರೆದೋರು ನನಗೆ ಗೊತ್ತು ಅಂತ.”

ಸುಮ್ಮನಿರಲಾರದೆ, ಮೊದಲು ಸಾಮಾನು ಕಟ್ಟಿದ್ದೆ ಅಂದಿದ್ದಿರಲ್ಲ, ಆಗ ಲಾರಿ ಹತ್ತಲು ಹೆದರಿಕೆಯಿರಲಿಲ್ಲವೇ ಎಂದು ಕೇಳಿದೆ.

“ಹೆದರಿಕೆ ಏನಿಲ್ಲ. ಒಂದೇ ಒಂದು ಕೇಳ್ಬೇಕು ಅಂತಿದ್ದೆ, ವಾಪಸ್ ಯಾವಾಗ ಬಿಡ್ತೀರಿ ಅಂತ. ಶಾಲೆ ದೂರ, ಗಿರಾಕಿಗಳು ಅಷ್ಟು ದೂರ ಬರಲ್ಲ. ದಿನ ಗೊತ್ತಾದ್ರೆ ಅಷ್ಟು ದಿನ ಹೇಗೋ ತಳ್ಬಹುದು. ನಿಮ್ಮ ಸಭೇಲೇ ಕೇಳೋಣ ಅಂತ ಬಂದಿದ್ದೆ. ಆದ್ರೆ ಆ ಲಾರಿ, ಬ್ಯಾರಕ್ಕು, ಅಷ್ಟು ದೊಡ್ಡ ಸಂಕಟ ಕೇಳಿದ್ಮೇಲೆ ನನ್ನ ಪ್ರಶ್ನೆ ತೀರಾ ಸಣ್ಣದು ಅನ್ನಿಸ್ತು. ನಾಚಿಕೆ ಆಯ್ತು. ಬಾಯ್ಮುಚ್ಕೊಂಡು ಮನೆಗೆ ಹೋದೆ.”

ಬರುವಾಗ ದಾರಿಯಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಮೇಯರ್ ಆದೇಶವನ್ನು ಫೋನಿನಲ್ಲಿ ತೆರೆದು ಓದಿದೆ. ವಾಪಸಾಗುವ ದಿನ ಎಲ್ಲೂ ಇಲ್ಲ. ‘ಕಾಮಗಾರಿ ಮುಗಿದ ನಂತರ’ ಎಂದಿದೆ. ಇಷ್ಟು ದಿನ ನಮ್ಮ ಕಡೆಯ ಒಬ್ಬರೂ ಇದನ್ನು ಕೇಳಿರಲಿಲ್ಲ. ಆದೇಶವನ್ನು ಪೂರ್ತಿ ಓದಿದ್ದು ಇವತ್ತೇ.

ಮಾರ್ಚ್ 28

ಇಂಜಿನಿಯರ್ ಮನೆಗೆ ಹೋಗಿದ್ದೆ. ಮುಂದಿನ ಮೆಟ್ಟಿಲೂ ಬಹಳ ದಿನ ತಾಳುವುದಿಲ್ಲವಂತೆ. ರಿಪೇರಿಗೆ ಎಷ್ಟು ಕಾಲ ಬೇಕು ಎಂದು ಕೇಳಿದೆ. ಒಂದೂವರೆ ವರ್ಷ, ಕೆಲಸ ನಿಲ್ಲದಿದ್ದರೆ ಎಂದ. ಹಾಗಾದರೆ ಬರೆದುಕೊಡಲು ಏನು ಅಡ್ಡಿ? “ಯಾರೂ ಕೇಳ್ಲೇ ಇಲ್ವಲ್ಲ ಸಾರ್. ನೀವು ಬ್ಯಾರಕ್ಕು ಅಂದ್ರಿ, ಅವರು ಕೋಟೆ ಬಾಗಿಲು ಅಂದ್ರು.” ಅವನ ಹೆಂಡತಿ ಚಹಾ ತಂದಿಟ್ಟರು. ಅವನ ಮಾತು ನಿಧಾನ, ಆದರೆ ಕಾದು ಕೇಳಿದರೆ ಎಲ್ಲವೂ ತಿಳಿಯುತ್ತದೆ.

ಏಪ್ರಿಲ್ 2

ವಸತಿಗೃಹದ ಅಂಗಳದಲ್ಲಿ ಜನ ಸೇರಿದ್ದರು. ವೇದಿಕೆಯಿಲ್ಲ, ಧ್ವನಿವರ್ಧಕವಿಲ್ಲ. ನಾನೂ ಇಂಜಿನಿಯರೂ ನಿಂತೆವು. ಕಂಬದ ಸ್ಥಿತಿ ಅವನು ಹೇಳಿದ. ಮೂರು ಬೇಡಿಕೆ ನಾನು ಓದಿದೆ: ವಾಪಸಾಗುವ ದಿನ ಬರಹದಲ್ಲಿ ಬೇಕು, ಅದೇ ಮನೆ ಅದೇ ಸಂಸಾರಕ್ಕೆ ಸಿಗಬೇಕು, ಶಾಲೆಯಿಂದ ಪೇಟೆಗೆ ಬಸ್ಸು ಬೇಕು. ಸಪ್ಪೆಯಾಗಿತ್ತು. ಒಬ್ಬ ಆಕಳಿಸಿದ.

ಆಮೇಲೆ ಗಿರಣಿಯಲ್ಲಿ ದುಡಿದಿದ್ದ ಮುದುಕರೊಬ್ಬರು ಕೇಳಿದರು: “ಇದು ಆ ಕಾಲದ ಹಾಗೇ ಅಂತ ನೀವೇ ಅಲ್ವಾ ಬರೆದದ್ದು?”

“ಹೌದು, ನಾನೇ.”

“ಈಗ?”

“ಹಾಗಲ್ಲ. ಆಗ ಎಲ್ಲಿಗೆ ಒಯ್ತೀರಿ ಅಂತ ಕೇಳಿದವರನ್ನ ಹೊಡೆದರು. ಈಗ ಕೇಳಬಹುದು. ನಾವು ಕೇಳಲಿಲ್ಲ ಅಷ್ಟೇ.”

“ಹಾಗಾದ್ರೆ ಅವತ್ತು ಸುಳ್ಳು ಹೇಳಿದ್ರಿ?”

ಹೌದು ಎಂದೆ. ಗಲಾಟೆ ಎದ್ದಿತು. “ಬಾಗಿಲು ತೆರೆದವನು!” ಎಂದು ಹಿಂದಿನಿಂದ ಕೂಗಿದರು. ಕೂಗಿದವರು ಅಕ್ಕನ ಕಡೆಯವರೇ, ದಿನಾ ನನ್ನ ಜೊತೆ ಊಟಕ್ಕೆ ಕೂರುವವರು. ಯಾರೋ ಅಂಗಿ ಹಿಡಿದು ಎಳೆದರು, ಗುಂಡಿ ಕಿತ್ತು ಹೋಯಿತು. ಆದರೆ ಮುದುಕರು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ನಾಲ್ಕೈದು ಹೆಂಗಸರು ಇಂಜಿನಿಯರನ್ನು ಸುತ್ತುವರಿದರು. ಶಾಲೆಯಲ್ಲಿ ಬಚ್ಚಲು ಎಷ್ಟು? ಬಾಗಿಲಿಗೆ ಚಿಲಕ ಇದೆಯಾ? ಕಾಯಿಲೆಯವರನ್ನು ಕೆಳಗಿನ ಕೋಣೆಯಲ್ಲಿ ಇಡಬಹುದಾ? ಒಂದೊಂದಕ್ಕೂ ಅವನು ಉತ್ತರ ಹೇಳುತ್ತ ನಿಂತ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ.

ಏಪ್ರಿಲ್ 3

ಅಕ್ಕ ಮನೆಗೇ ಬಂದಿದ್ದರು. ಕಾಫಿ ಕುಡಿದರು. “ಸ್ವಲ್ಪ ದಿನ ರಜೆ ತಗೊಳ್ಳಿ ಮೇಷ್ಟ್ರೇ,” ಎಂದರು. ಸರಿ ಎಂದೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, “ನೀವು ಬರೆದದ್ದನ್ನ ನಾನು ನಂಬಿದ್ದೆ, ಗೊತ್ತಾ? ಓದಿ ಹೇಳೋವಾಗ ನಿಜವಾಗ್ಲೂ ಎದೆ ಉರೀತಿತ್ತು,” ಎಂದರು. ನನ್ನ ಎದೆಯೂ ಉರಿದಿತ್ತು.

ಏಪ್ರಿಲ್ 12

ಮೇಯರ್ ಸಹಿ ಹಾಕಿದ. ವಾಪಸಾಗುವ ದಿನ ಬರಹದಲ್ಲಿದೆ, ಅದೇ ಮನೆ ಎಂದೂ ಇದೆ. ಬಸ್ಸು ಕೊಡಲಿಲ್ಲ. ಮನೆಮನೆ ಸುತ್ತಿ ಸಹಿ ಸಂಗ್ರಹಿಸಿದ್ದು ಆ ಮುದುಕರು ಮತ್ತು ಹೆಂಗಸರು. ಕೊನೆಯ ದಿನ ಅಕ್ಕನೂ ಜೊತೆಗೆ ಹೋಗಿ ಮೇಯರ್ ಮೇಜಿನ ಮುಂದೆ ಕೂತು, ಸಹಿ ಆಗದೆ ಏಳಲ್ಲ ಎಂದರಂತೆ. ಭಾಷಣ ಮಾಡಲಿಲ್ಲವಂತೆ.

ಪಂಪು ಮತ್ತೆ ಕೆಟ್ಟಿದೆ. ವಾಷರ್ ಹೋಗಿದೆ, ನಾಳೆ ತರಬೇಕು.

ಏಪ್ರಿಲ್ 19

ಇವತ್ತು ಸಾಗಿಸಿದರು. ನಾನೂ ಬರ್ತೀನಿ ಎಂದು ಅತ್ತೆ ಬೆಳಿಗ್ಗೆಯೇ ಹೊರಟು ನಿಂತಿದ್ದರು. ಹೆಂಡತಿ ಬೇಡ ಅಂದಳು, ಕೇಳಲಿಲ್ಲ.

ಲಾರಿಗಳು ಸಾಲಾಗಿ ನಿಂತಿದ್ದವು. ಅತ್ತೆ ಮೊದಲು ರಸ್ತೆಯ ಆಚೆ ಬದಿಯಲ್ಲೇ ಉಳಿದರು. ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅವಳ ಬೆರಳು ಬೆಳ್ಳಗಾಗಿತ್ತು. ಮಂಚ, ಬೀರು, ಹೂವಿನ ಕುಂಡ, ಹೊಲಿಗೆ ಯಂತ್ರ ಎಲ್ಲ ಏರಿದವು. ಒಂದು ಬೆಕ್ಕು ಎರಡು ಸಲ ಇಳಿದು ಓಡಿತು. ಆಮೇಲೆ ಅತ್ತೆ ಕೈ ಬಿಡಿಸಿಕೊಂಡು ಒಬ್ಬರೇ ರಸ್ತೆ ದಾಟಿ ಮೊದಲ ಲಾರಿಯ ಹತ್ತಿರ ಹೋದರು.

“ಎಲ್ಲಿಗೆ ಕರ್ಕೊಂಡು ಹೋಗ್ತೀಯಪ್ಪಾ?”

“ಶಾಲೆಗೆ ಅಜ್ಜಿ. ಊರಾಚೆ ಇದ್ಯಲ್ಲ, ಹಳದಿ ಕಟ್ಟಡ.”

“ಮುಂದೆ ಕೂರ್ಬಹುದಾ?”

ಡ್ರೈವರ್ ನನ್ನ ಮುಖ ನೋಡಿದ. ಅವನು ಇಳಿದು ಬಂದು ಕೈಕೊಟ್ಟು ಹತ್ತಿಸಿದ. ನಾನು ಹಿಂದೆ ಮಂಚದ ಮೇಲೆ ಕೂತೆ.

ಶಾಲೆಯ ಜಗಲಿಯಲ್ಲಿ ಸಾಮಾನು ಇಳಿಯುವವರೆಗೆ ಅತ್ತೆಯೂ ನಾನೂ ಕೂತಿದ್ದೆವು. ಹೊಲಿಯುವವಳು ಎಡಗೈಯಲ್ಲಿ ತನ್ನ ಕೋಣೆಯ ಚಿಲಕ ಹಾಕಿ ತೆಗೆದು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಅತ್ತೆ ತಮ್ಮನ ಮಾತು ತೆಗೆದರು. ಹೆಸರು ಹೇಳಿದರು. ನಾನು ಮಧ್ಯೆ ತಡೆದು, ಬರೆದುಕೊಳ್ಳಲೇ ಎಂದು ಕೇಳಿದೆ.

“ಬೇಡ,” ಎಂದರು. “ಕೇಳ್ಸ್ಕೊಳ್ಳಿ.”

ಬಹಳ ಹೊತ್ತು ಹೇಳಿದರು. ಕೇಳಿಸಿಕೊಂಡೆ.